ವಾಡೆ ಅಂದರೆ ಬೇಲಿ

ಹೋದ ವಾರ ರಾಯಬಾಗದಿಂದ ಚಿಂಚಲಿಗೆ ಹೊರಟಿದ್ದೆ. ಕಬ್ಬು ಕಡಿದ ಹೊಲವೊಂದರಲ್ಲಿ ಬಲೆ ಕಟ್ಟಿ ಕುರಿ ಕೂಡಿಹಾಕಿದ್ದರು. ಹಿಕ್ಕೆಯ, ಹಸಿ ಉಣ್ಣೆಯ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಮುದುಕಿ ಇಣುಕಿ ನೋಡಿ, ‘ನಮ್ಮವರ ವಾಡಾ ಐತಿ’ ಎಂದಳು. ಕುರಿದೊಡ್ಡಿಗೆ ಆಕೆ ವಾಡಾ ಎಂದದ್ದೇ ತಡ, ನಮ್ಮ ಕನ್ನಡ ಮಾಸ್ತರು ಕಣ್ಮುಂದೆ ಬಂದು ನಿಂತರು...

ನಮ್ಮದು ಊರಿನ ವಾಡೆ, ಸಾವ್ಕಾರರ ದೊಡ್ಡ ಮನೆ. ಕಲ್ಲಿನ ಕಮಾನು, ಆನೆ ಹೋಗುವಂಥ ಬಾಗಿಲು. ಆಗ ಏಳನೇ ಇಯತ್ತೆಯಲ್ಲಿದ್ದ ನನಗೆ ಆ ಹೆಸರಿನ ಸೊಕ್ಕು ಬಹಳ. ಮಾಸ್ತರು ಪರವೂರಿನವರು, ವಾಡೆಯ ಹಿಂದೆ ನಮ್ಮದೇ ಕೋಣೆಯಲ್ಲಿ ಹೆಂಡತಿ, ಎಳೆ ಕೂಸಿನೊಂದಿಗೆ ಇದ್ದರು. ಪಾಠ ಬದಿಗಿಟ್ಟು ಮಾತುಗಳ ಬೇರು ಹುಡುಕುವುದು ಅವರಿಗೊಂದು ಹುಚ್ಚು.

ಒಂದು ದಿನ ‘ವಾಡೆ’ಯ ಸರದಿ ಬಂತು. ಸಂಸ್ಕೃತದ ‘ವಾಟ’ದಿಂದ ವಾಡಾ ಬಂತು, ನಮ್ಮ ಬಾಯಲ್ಲಿ ವಾಡೆ ಆಯಿತು ಎಂದರು. ವಾಟ ಅಂದರೆ ಬೇಲಿ, ಬೇಲಿಯೊಳಗಿನ ಜಾಗ. ದನಕುರಿ ಕೂಡಿಹಾಕುವ ದೊಡ್ಡಿಗೂ ಅದೇ ಹೆಸರು. ಆಮೇಲೆ ಮನುಷ್ಯರು ಗೋಡೆ ಎಬ್ಬಿಸಿದರು, ಹೆಸರು ದೊಡ್ಡದಾಯಿತು. ಹುಡುಗರು ನನ್ನ ಕಡೆ ತಿರುಗಿ ಕುರಿಯಂತೆ ಒದರಿದರು. ಮಾಸ್ತರು ಅವರನ್ನು ಗದರಿಸಿ ಸುಮ್ಮನಾಗಿಸಿದರು.

‘ನಗೂ ಮಾತಲ್ಲ ಇದು. ಬೇಲಿ ಅಂದ್ರ ಒಳಗಿನ ಜೀವ ಕಾಯೂದು. ಅದಕ್ಕಿಂತ ದೊಡ್ಡ ಹೆಸರು ಯಾವ ಮನಿಗೆ ಐತಿ?’

ಮನೆಗೆ ಹೋಗಿ ಅಜ್ಜನ ಮುಂದೆ ಅತ್ತೆ. ನಮ್ಮ ವಾಡೆಗೆ ಮಾಸ್ತರು ದನದ ದೊಡ್ಡಿ ಅಂದರು ಎಂದೆ. ಅಷ್ಟೇ ಹೇಳಿದೆ.

ಅಜ್ಜ ಅವರನ್ನು ಕರೆಸಿ, ಆಳುಗಳ ಎದುರು ಅಂಗಳದಲ್ಲೇ ನಿಲ್ಲಿಸಿ ಕೇಳಿದ. ಮಾಸ್ತರು ನನ್ನತ್ತ ತಿರುಗಿದರು. ‘ತಂಗಿ, ನಾ ಅಂದದ್ದು ಪೂರಾ ಹೇಳವಾ.’

ನಾನು ಅಜ್ಜನ ಮುಖ ನೋಡಿದೆ.

‘ಅಷ್ಟ ಅಂದ್ರು’ ಎಂದೆ.

ಅವರು ವಾದಿಸಲಿಲ್ಲ. ‘ತಪ್ಪಾತ್ರಿ ಸಾವ್ಕಾರ್ರ’ ಎಂದು ಕೈಮುಗಿದು ಹೋದರು. ವಾರದೊಳಗೆ ಕೋಣೆ ಖಾಲಿಯಾಯಿತು. ಮುಂದೆ ಅಥಣಿ ಕಡೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ಕೋಣೆ ಬಿಟ್ಟ ದಿನ ಕಮಾನಿನ ಕೆಳಗೆ ಕೂಸನ್ನು ಎತ್ತಿಕೊಂಡು ನಡೆದಾಗ ನನ್ನ ಕಡೆ ನೋಡಿದರೋ ಇಲ್ಲವೋ... ನಾನೇ ಕಂಬದ ಮರೆಗೆ ಸರಿದಿದ್ದೆ.

ಬಸ್ಸಿಳಿದ ಮೇಲೆ ಮನಸ್ಸು ತಡೆಯಲಿಲ್ಲ. ಅವರಿವರನ್ನು ವಿಚಾರಿಸಿ, ಮೊನ್ನೆ ಅವರ ಮನೆಯಿದ್ದ ಉಗಾರ ಖುರ್ದಕ್ಕೆ ಹೋದೆ. ಮಾಸ್ತರು ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲು ತೆರೆದವಳು ಅಂದಿನ ಆ ಕೂಸು. ಕೂತು ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನು ಮುಚ್ಚಿಡಲಿಲ್ಲ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

‘ಅಪ್ಪಾ ಮಾತಿನ ಮೂಲ ಹೇಳ್ತಿದ್ರೇನ್ರಿ? ನಮಗ ಒಂದಿನಾನೂ ಹೇಳಲಿಲ್ಲ. ಪುಸ್ತಕದಾಗ ಇದ್ದಷ್ಟ ಓದಸ್ತಿದ್ರು.’

ಆಮೇಲೆ ಅವಳೇ, ಇನ್ನೂ ಯಾವ ಯಾವ ಮಾತು ಹೇಳಿದ್ದರು ಎಂದು ಕೇಳಿದಳು. ಸಂಜೆಯವರೆಗೂ ಕೂತು ಒಂದೊಂದೇ ನೆನಪಿಸಿಕೊಂಡು ಹೇಳಿದೆ. ಏಳು ಮಾತು ಸಿಕ್ಕವು. ಉಳಿದವನ್ನು ನಾನು ಮರೆತಿದ್ದೆ.