ಕೆಂಪಿಯನ್ನು ಕಟ್ಟಿದ ಸೆಣಬಿನ ದಾರ

ಆ ಲಾಯದಲ್ಲಿ ಆರು ಕುದುರೆಗಳು, ನಾಲ್ಕು ಗಾಡಿಗಳು, ಒಬ್ಬ ಸಾವಕಾಶಣ್ಣ. ಲಾರಿ ನುಗ್ಗಲಾಗದ ಗಲ್ಲಿಗಳ ಅಂಗಡಿಗಳಿಗೆ ತರಕಾರಿ ಮೂಟೆ ಮುಟ್ಟಿಸುವುದು ಅಲ್ಲಿನ ಕೆಲಸ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕುದುರೆಗೂ ಮನುಷ್ಯರಿಗೂ ಅವನು ಹೇಳುತ್ತಿದ್ದದ್ದು ಒಂದೇ ಮಾತು, “ಸಾವಕಾಶ.” ಅದೇ ಹೆಸರಾಗಿ ಅಂಟಿಕೊಂಡಿತು. ಅವನು ತೀರಿಕೊಂಡು ಎರಡು ತಿಂಗಳಾಯಿತು. ಹೇಳಬೇಕಾದದ್ದು ಬಹಳ ಇದೆ, ಆದರೆ ಕೆಂಪಿಯ ಸಂಗತಿ ಹೇಳಿದರೆ ಉಳಿದದ್ದು ಅದರಲ್ಲೇ ಬಂದೀತು.

ಮೂರು ವರ್ಷದ ಹಿಂದೆ ಕೆಂಪಿ ಐದು ವರ್ಷದ ಹೆಣ್ಣು ಕುದುರೆ. ಗಾಡಿಗೆ ಹೂಡಿದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಗಲ್ಲಿಗಳಲ್ಲಿ ನುಸುಳುತ್ತಿತ್ತು. ಬಿಚ್ಚಿ ಗೋಡೆಯ ಕಬ್ಬಿಣದ ಬಳೆಗೆ ಕಟ್ಟಿದರೆ ಮಾತ್ರ ಬೇರೆಯೇ ಪ್ರಾಣಿ. ಹಗ್ಗ ಬಿಗಿಯಾಯಿತೆಂದು ತಿಳಿದ ಕ್ಷಣ ತಲೆ ಮೇಲೆತ್ತಿ, ಹಿಂಗಾಲುಗಳನ್ನು ಊರಿ, ಇಡೀ ಮೈಭಾರ ಹಾಕಿ ಹಿಂದಕ್ಕೆ ಜಗ್ಗುತ್ತಿತ್ತು. ಮೊದಲು ಹಗ್ಗ ಹರಿಯಿತು. ಹೆಬ್ಬೆರಳು ದಪ್ಪದ ಹಗ್ಗ ತಂದರೆ ಅದು ಹರಿಯಲಿಲ್ಲ, ತಲೆಪಟ್ಟಿಯ ಕೊಂಡಿ ಮುರಿಯಿತು. ಕೊನೆಗೆ ಲಾಳ ಹೊಡೆಯುವ ದಿನ ಗಂಟು ಬಳೆಯಲ್ಲಿ ಕಚ್ಚಿಕೊಂಡು ಬಿಚ್ಚಲು ಬರದೆ, ಕುದುರೆ ಅಡ್ಡಬಿದ್ದು, ಲಾಳದವನ ಹೆಬ್ಬೆರಳು ಗೋಡೆಗೂ ಅದರ ಭುಜಕ್ಕೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಲಾಳದವನು ಬೇರೆ ಯಾರೂ ಅಲ್ಲ, ಸಾವಕಾಶಣ್ಣನ ಹೆಂಡತಿಯ ತಮ್ಮ.

“ಭಾವ, ನಿಮ್ಮ ಕುದುರೆಗೆ ಬುದ್ಧಿ ಹೇಳಿ. ಇಲ್ಲಾಂದ್ರೆ ಅಕ್ಕನಿಗೆ ಹೇಳ್ತೀನಿ,” ಎಂದ ಆತ, ಆ ನೋವಿನಲ್ಲೂ.

ಲಾಯದ ಯಜಮಾನಮ್ಮನಿಗೆ ನಗು ಬರಲಿಲ್ಲ. “ಹುಟ್ಟುಗುಣ ಸುಟ್ಟರೂ ಹೋಗಲ್ಲ. ಮೂರು ವಾರ ಕೊಡ್ತೀನಿ. ಮೂರನೇ ಶನಿವಾರ ಕಟ್ಟಿ ನಿಲ್ಲಿಸಿ ಲಾಳ ಹೊಡಿಸಿ ತೋರಿಸು. ಆಗಲಿಲ್ಲ ಅಂದ್ರೆ ದಲ್ಲಾಳಿಗೆ ಹೇಳಿ ಕಳಿಸ್ತೀನಿ.”

ದಲ್ಲಾಳಿ ಹೊಡೆದುಕೊಂಡು ಹೋದ ಕುದುರೆಯ ದಾರಿ ನೇರ ಕಸಾಯಿಖಾನೆಗೆ. ಹುಟ್ಟುಗುಣವಲ್ಲ ಎಂದು ಸಾವಕಾಶಣ್ಣನೊಬ್ಬನಿಗೇ ಗೊತ್ತಿತ್ತು.

ಲಾಯದ ಗೇಟಿಗೆ ಒಂದು ಅಡ್ಡಮರ ಇತ್ತು. ಎರಡು ಕೊಕ್ಕೆಗಳಲ್ಲಿ ಸುಮ್ಮನೆ ಕೂರಿಸಿದ್ದು, ಬೇಕಾದಾಗ ಎತ್ತಿ ಪಕ್ಕಕ್ಕಿಡುವಂಥದ್ದು. ಗಾಡಿಯವರು ಕುದುರೆಯನ್ನು ಅದಕ್ಕೆ ಸಿಕ್ಕಿಸಿ ಒಳಗೆ ಹೋಗುವುದು ರೂಢಿ. ಕಂಡಾಗಲೆಲ್ಲ ಸಾವಕಾಶಣ್ಣ ಬೈಯುತ್ತಿದ್ದ: “ಕಿತ್ತು ಬರೋವಂಥದ್ದಕ್ಕೆ ಕುದುರೆ ಕಟ್ಟಬಾರದು ಕಣ್ರೋ.” ಲಾಳದವನ ಬೆರಳು ಜಜ್ಜಿದ ದಿನಕ್ಕೆ ನಾಲ್ಕು ತಿಂಗಳು ಮುಂಚೆ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ತೊಟ್ಟಿ ತುಂಬಿ ಹರಿಯುತ್ತಿದೆ, ನಲ್ಲಿ ನಿಲ್ಲಿಸಿ ಬರೋಣವೆಂದು ಅವನೇ ಕೆಂಪಿಯನ್ನು ಆ ಮರಕ್ಕೆ ಸಿಕ್ಕಿಸಿದ. ಅರ್ಧ ನಿಮಿಷದ ಮಾತು. ಗಾಳಿಗೆ ಚಾವಣಿಯ ತಗಡು ಬಡಿಯಿತು, ಕುದುರೆ ಬೆಚ್ಚಿತು, ಅಡ್ಡಮರ ಕಿತ್ತು ಬಂತು. ಕೆಂಪಿ ಓಡಿದಷ್ಟೂ ಮರ ಕಾಲಿಗೆ ಬಡಿಯುತ್ತ ಅದರ ಜೊತೆಗೇ ಓಡಿತು. ಗಲ್ಲಿಯ ತುದಿಯಲ್ಲಿ ಹಿಡಿದು ತಂದ. ತರಚಿದ ಗಾಯ ತೊಳೆದ, ಮರವನ್ನು ಇದ್ದಲ್ಲಿಟ್ಟ, ಬಾಯಿಗೆ ಬೀಗ ಹಾಕಿಕೊಂಡ.

ಯಜಮಾನಮ್ಮ ಗಡುವು ಕೊಟ್ಟ ಮೇಲೆ ಮನೆಯಲ್ಲಿ ಹೆಂಡತಿ ಎರಡು ದಿನ ಅವನನ್ನು ನೋಡಿದಳು. ಮೂರನೆಯ ದಿನ ಸುಮ್ಮನಿರಲಿಲ್ಲ.

“ಕುದುರೆಗೆ ಹೇಳೋ ಸಮಾಧಾನದಲ್ಲಿ ಕಾಲುಭಾಗ ನಿಮಗೆ ನೀವೇ ಹೇಳ್ಕೊಳ್ಳಿ. ತಟ್ಟೆ ನೋಡ್ತಾ ಕೂತ್ರೆ ಊಟ ಇಳಿಯುತ್ತಾ?”

ಅವನು ನಡೆದದ್ದನ್ನೆಲ್ಲ ಹೇಳಿದ.

“ಸರಿ, ಇದನ್ನೇ ಹೋಗಿ ಯಜಮಾನಮ್ಮನಿಗೆ ಹೇಳಿ.”

“ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಬೈದಿದ್ದೀನಲ್ಲೇ.”

“ಅವರೂ ಒಂದಿನ ಬೈಲಿ ಬಿಡಿ. ಅವರಿಗೂ ಆಸೆ ಇರುತ್ತೆ.”

ಹೇಳುವ ಧೈರ್ಯ ಬರಲಿಲ್ಲ. ಕೆಲಸ ಮಾತ್ರ ಮರುದಿನವೇ ಶುರುವಾಯಿತು. ಕೆಂಪಿಯನ್ನು ಕಟ್ಟುವುದನ್ನೇ ಬಿಟ್ಟ. ಅಂಗಳದ ನಡುವೆ ಹಗ್ಗ ಹಿಡಿದು ನಿಂತು, ಎರಡು ಬೆರಳಿನ ಬಲದಲ್ಲಿ ಮುಂದಕ್ಕೆ ಎಳೆಯುವನು. ಅದು ತಲೆ ತಗ್ಗಿಸಿ ಒಂದು ಹೆಜ್ಜೆ ಬಂದೊಡನೆ ಸಡಿಲ ಬಿಡುವನು. ಬಿಗಿಯಾದಾಗ ಮುಂದೆ ಬಂದರೆ ನಿರಾಳ ಎಂದು ಅದರ ಕುತ್ತಿಗೆಗೆ ಗೊತ್ತಾಗಲು ಒಂದು ವಾರ ಹಿಡಿಯಿತು. ಎರಡನೆಯ ವಾರ ಉದ್ದನೆಯ ಹಗ್ಗವನ್ನು ಅದರ ಭುಜದೆತ್ತರದ ಬಳೆಯಲ್ಲಿ ತೂರಿಸಿ, ಗಂಟು ಹಾಕದೆ, ತುದಿ ಹಿಡಿದು ಪಕ್ಕಕ್ಕೆ ನಿಂತ. ಕೈಗೆ ಎಂದೂ ಸುತ್ತಿಕೊಳ್ಳಲಿಲ್ಲ, ಹಾಗೆ ಸುತ್ತಿಕೊಂಡು ಬೆರಳು ಕಳೆದುಕೊಂಡವರನ್ನು ಕಂಡಿದ್ದ. ಕೆಂಪಿ ಜಗ್ಗಿದರೆ ಹಗ್ಗ ತುಸು ಬಿಗಿಯಾಗಿಯೇ ಜಾರುತ್ತಿತ್ತು. ಗೋಡೆ ತನ್ನನ್ನು ಕಚ್ಚಿ ಹಿಡಿದಿಲ್ಲ ಎಂದು ತಿಳಿದು ಅದು ನಿಲ್ಲುತ್ತಿತ್ತು.

“ಸಾವಕಾಶ, ತಾಯಿ. ಎಲ್ಲಿಗೆ ಹೋಗ್ತೀಯ ಹೇಳು, ನಾನೂ ಬರ್ತೀನಿ.”

ಮೊದಲ ದಿನ ಹಗ್ಗ ಹದಿನೈದು ಸಲ ಜಾರಿತು. ವಾರದ ಕೊನೆಗೆ ಎರಡು ಸಲ. ಮೂರನೆಯ ವಾರ ಬಳೆಗೆ ಸೆಣಬಿನ ದಾರದ ಸಣ್ಣ ಕುಣಿಕೆಯೊಂದನ್ನು ಹಾಕಿ, ಹಗ್ಗವನ್ನು ಆ ಕುಣಿಕೆಗೆ ಕಟ್ಟಿದ. ತುದಿ ಎಳೆದರೆ ಒಂದೇ ಏಟಿಗೆ ಬಿಚ್ಚುವ ಗಂಟು. ಅಷ್ಟರ ಮೇಲೂ ಕುದುರೆ ಹುಚ್ಚೆದ್ದು ಜಗ್ಗಿದರೆ ದಾರ ಹರಿಯುತ್ತದೆ, ಕುತ್ತಿಗೆ ಉಳಿಯುತ್ತದೆ.

ಶನಿವಾರ ಬೆಳಗ್ಗೆ ಯಜಮಾನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂತರು. ಲಾಳದವನು ಬೆರಳಿಗೆ ಇನ್ನೂ ಪಟ್ಟಿ ಸುತ್ತಿಕೊಂಡೇ ಬಂದ. ಕೆಂಪಿ ಕಟ್ಟಿಸಿಕೊಂಡು ಸುಮ್ಮನೆ ನಿಂತಿತ್ತು.

“ನಿಂತಿದೆಯಲ್ಲ, ಹೊಡಿ,” ಎಂದರು ಯಜಮಾನಮ್ಮ.

ಲಾಳದವನು ಹೆಗಲ ಚೀಲ ಇಳಿಸಲಿಲ್ಲ. “ಭಾವ, ಇದು ಯಾವುದಕ್ಕೆ ಹೆದರುತ್ತೆ ಅಂತ ಹೇಳಿ. ಗೊತ್ತಿಲ್ಲದೆ ಕಾಲಿನ ಹತ್ರ ಕೂರಲ್ಲ. ನನಗೆ ಉಳಿದಿರೋದು ಇನ್ನೊಂದೇ ಹೆಬ್ಬೆರಳು.”

“ಯಾವುದಕ್ಕೂ ಇಲ್ಲ. ಹುಟ್ಟುಗುಣ,” ಯಜಮಾನಮ್ಮನೇ ಉತ್ತರಿಸಿದರು.

ಸುಮ್ಮನಿದ್ದರೆ ಲಾಳದವನು ವಾಪಸು ಹೋಗುತ್ತಾನೆ, ಸಂಜೆಗೆ ದಲ್ಲಾಳಿ ಬರುತ್ತಾನೆ. ಸಾವಕಾಶಣ್ಣನ ಹೆಸರು ಮಾತ್ರ ಇದ್ದ ಹಾಗೇ ಇರುತ್ತದೆ.

“ಹುಟ್ಟುಗುಣ ಅಲ್ಲಮ್ಮ,” ಎಂದ. “ನಾನು ಕಲಿಸಿದ್ದು. ಗೇಟಿನ ಅಡ್ಡಮರಕ್ಕೆ ಕಟ್ಟಿದ್ದೆ. ಕಿತ್ಕೊಂಡು ಓಡಿದಳು, ಮರ ಬೀದಿ ಉದ್ದಕ್ಕೂ ಹಿಂದೆ ಬಿತ್ತು. ಆ ಮರ ಎಳೆಯೋ ಸದ್ದು ಕೇಳಿದ್ರೆ ಹೆದರ್ತಾಳೆ. ಅವತ್ತು ಲಾಳ ಹೊಡೆಯುವಾಗ ಯಾರೋ ಅದನ್ನ ಎಳೆದ್ರು. ಅವಳಿಗೆ ಕೇಳಿಸ್ತು, ನನಗೂ ಕೇಳಿಸ್ತು. ಮೊದಲೇ ಹೇಳಿದ್ರೆ ಇವನ ಬೆರಳು ಉಳೀತಿತ್ತು.”

ಗಾಡಿಯವರೆಲ್ಲ ಮೂಟೆ ಇಳಿಸುವುದನ್ನು ನಿಲ್ಲಿಸಿದರು. ಲಾಳದವನು ತನ್ನ ಬೆರಳನ್ನೊಮ್ಮೆ ನೋಡಿಕೊಂಡ.

“ಮೂರು ವಾರದಿಂದ ಕುದುರೆಗೆ ಬೈದೆನಲ್ಲ ಭಾವ. ಅಷ್ಟನ್ನೂ ವಾಪಸ್ ತಗೊಂಡು ಈಗ ನಿಮಗೆ ಕೊಡಬೇಕು.”

“ಕೊಡು.”

“ಕೆಲಸ ಮುಗೀಲಿ ಇರಿ.”

ಯಜಮಾನಮ್ಮ ಒಬ್ಬ ಗಾಡಿಯವನಿಗೆ ಕೈಸನ್ನೆ ಮಾಡಿದರು. “ಹೋಗಿ ಆ ಮರ ಎಳಿ. ನೋಡೇ ಬಿಡೋಣ.”

ಕಲ್ಲಿನ ಮೇಲೆ ಮರ ಕರಕರ ಎಂದಿತು. ಕೆಂಪಿಯ ತಲೆ ಮೇಲೆದ್ದಿತು, ಹಗ್ಗ ಬಿಗಿಯಾಯಿತು, ದಾರದ ಕುಣಿಕೆ ನೆಟ್ಟಗಾಯಿತು. ಒಂದು ಹೆಜ್ಜೆ ಹಿಂದೆ. ಅದರ ಕಣ್ಣಿನ ಬಿಳಿ ಎಲ್ಲರಿಗೂ ಕಂಡಿತು.

“ಸಾವಕಾಶ,” ಎಂದ ಅವನು.

ಕೆಂಪಿ ಉಸಿರು ಬಿಟ್ಟಿತು. ತಲೆ ತಗ್ಗಿಸಿ ಒಂದು ಹೆಜ್ಜೆ ಮುಂದೆ ಬಂತು. ಹಗ್ಗ ಜೋತುಬಿತ್ತು. ಲಾಳದವನು ಚೀಲ ಇಳಿಸಿ, ಕೂತು, ಗೊರಸನ್ನು ತೊಡೆಯ ಮೇಲೆ ತೆಗೆದುಕೊಂಡ.

ನಾಲ್ಕೂ ಲಾಳ ಆದ ಮೇಲೆ ಯಜಮಾನಮ್ಮ ಎದ್ದರು. “ಕುದುರೆ ಇರಲಿ. ನೀನು ಇವತ್ತೇ ಆ ಮರಕ್ಕೆ, ಕಿತ್ತು ಬರದ ಹಾಗೆ, ಚಿಲಕ ಹಾಕು.” ಆಮೇಲೆ ಒಂದು ತಿಂಗಳು ಅವನೊಂದಿಗೆ ಕೆಲಸದ ಮಾತಲ್ಲದೆ ಬೇರೆ ಆಡಲಿಲ್ಲ. ಗಾಡಿಯವರದು ಹಾಗಲ್ಲ. ಅವನು ಛತ್ರಿಯನ್ನು ಗೂಟಕ್ಕೆ ನೇತುಹಾಕಿದರೂ, “ಕಿತ್ತು ಬರುತ್ತೋ ಏನೋ ನೋಡಿ ಅಣ್ಣಾ,” ಎನ್ನುತ್ತಿದ್ದರು. ಅವನು ಒಂದು ದಿನವೂ ಮುಖ ಸಿಂಡರಿಸಲಿಲ್ಲ. “ಹೌದ್ರೋ,” ಎಂದು ಗೂಟ ಅಲ್ಲಾಡಿಸಿ ನೋಡುತ್ತಿದ್ದ. ಹೀಗೆ ಮೂರು ವರ್ಷ.

ಎರಡು ತಿಂಗಳ ಹಿಂದೆ, ಎದೆ ನೋಯುತ್ತಿದೆ ಎಂದು ಹುಲ್ಲಿನ ಹೊರೆಯ ಮೇಲೆ ಕೂತವನು ಏಳಲಿಲ್ಲ. ಅವನ ಅಂಗಿಯ ಜೇಬಿನಲ್ಲಿ ಅಳತೆಗೆ ಕತ್ತರಿಸಿದ ಸೆಣಬಿನ ದಾರದ ಒಂಬತ್ತು ತುಂಡುಗಳಿದ್ದವು. ಹೆಂಡತಿ ಅವನ್ನು ತಂದು ತಮ್ಮನ ಕೈಗೆ ಕೊಟ್ಟಳು. ಆತ ಬಳೆಯ ಪಕ್ಕದ ಮೊಳೆಗೆ ನೇತುಹಾಕಿದ. ಈಗ ಕೆಂಪಿಯನ್ನು ಕಟ್ಟುವವನು ಆತನೇ. ‘ಸಾವಕಾಶ’ ಎಂಬ ಮಾತು ಇನ್ನೂ ಬಾಯಿಗೆ ಒಗ್ಗಿಲ್ಲ, ಮೆಲ್ಲಗೆ, ಯಾರಿಗೂ ಕೇಳದಂತೆ ಹೇಳುತ್ತಾನೆ. ಮೊಳೆಯ ಮೇಲಿನ ಒಂಬತ್ತೂ ತುಂಡುಗಳು ಹಾಗೇ ಇವೆ. ಬಳೆಯಲ್ಲಿ ಸಾವಕಾಶಣ್ಣ ಕೊನೆಯದಾಗಿ ಹಾಕಿದ ಕುಣಿಕೆ ಇನ್ನೂ ಹರಿದಿಲ್ಲ.