ತನ್ನ ಮಾತನ್ನು ತಾನೇ ಆಡಿದವಳು

ಮಗಳು ನಿಧಿ ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯವರು ಮಕ್ಕಳನ್ನೆಲ್ಲ ಒಂದು ಚಿಕಿತ್ಸಾಲಯ ನೋಡಲು ಕರೆದುಕೊಂಡು ಹೋದರು. ಸಂಜೆ ಅವಳು ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕದಲ್ಲೇ, ಚೀಲದ ಜೇಬು ಕೊಡವಿದಳು. ಬಸ್ ಪಾಸು ಬಿತ್ತು, ಮುರಿದ ಪೆನ್ನು ಬಿತ್ತು, ಹಿಂದೆಯೇ ಒಂದು ಹಿಡಿ ನಿರೋಧ್. ನಾವು ಶಾಲಾ ಪ್ರವಾಸದಿಂದ ಚನ್ನಪಟ್ಟಣದ ಬುಗುರಿ ತಂದವರು. “ಎಲ್ಲರಿಗೂ ಕೊಟ್ರು ಅಮ್ಮ” ಎಂದು ಅವಳು ಅನ್ನ ಬಡಿಸಿಕೊಂಡಳು. ಉಪ್ಪು ತರುತ್ತೇನೆಂದು ಎದ್ದ ನಮ್ಮವರು ಊಟ ಮುಗಿಯುವವರೆಗೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಸೋಡರ್‌ಟೆಲ್ಯೆಗೆ ನಾವು ಬಂದದ್ದು ಅವರ ಲಾರಿ ಕಾರ್ಖಾನೆಯ ಕೆಲಸಕ್ಕಾಗಿ. ಇಲ್ಲಿ ಸ್ವೀಡನ್ನಿನಲ್ಲಿ ಪ್ರತಿ ಊರಿಗೂ ಒಂದು ಕೊಮ್ಮೂನ್ ಇರುತ್ತದೆ. ನಮ್ಮ ನಗರಸಭೆಯಂಥದ್ದೇ, ಆದರೆ ಫೋನು ಎತ್ತುತ್ತದೆ. ಹದಿಹರೆಯದವರಿಗೆಂದೇ ಬೇರೆ ಚಿಕಿತ್ಸಾಲಯಗಳಿವೆ. ಅಲ್ಲಿ ಕೂತಿರುವ ಬಾರ್ನ್‌ಮೋರ್ಸ್ಕ, ಎಂದರೆ ಸೂಲಗಿತ್ತಿ, ಬರಿಯ ಹೆರಿಗೆ ಮಾಡಿಸುವವಳಲ್ಲ. ಮಗು ಬೇಡ ಎನ್ನುವವರಿಗೂ ಅವಳೇ ದಿಕ್ಕು. ಬಂದವಳು ಏನು ಹೇಳಿಕೊಂಡರೂ ಅದು ಅಪ್ಪ ಅಮ್ಮನ ಕಿವಿಗೆ ಬೀಳುವುದಿಲ್ಲ.

ನಾನು ಮಾತು ಕಲಿತದ್ದು ಚಳ್ಳಕೆರೆಯಲ್ಲಿ, ಅಜ್ಜಿಯ ಮನೆಯ ಅಂಗಳದಲ್ಲಿ. ಮಧ್ಯಾಹ್ನ ಹೆಂಗಸರು ಸುತ್ತ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಗಂಡಸರು ಅಡ್ಡಾಡುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಮುಟ್ಟಾದವಳಿಗೆ ಕಾಗೆ ಮುಟ್ಟಿರುತ್ತಿತ್ತು, ಬಸುರಿಗೆ ನೀರು ನಿಂತಿರುತ್ತಿತ್ತು. ಯಾವಳಾದರೂ ತನ್ನ ಸಂಕಟ ಹೇಳಿಕೊಳ್ಳಬೇಕೆಂದರೆ, “ಯಾರೋ ಒಬ್ಬಳು ಇದ್ದಳಂತೆ” ಎಂದು ಶುರುಮಾಡುತ್ತಿದ್ದಳು. ಅದು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಆ ‘ಯಾರೋ ಒಬ್ಬಳಿಗೆ’ ಕಷಾಯ, ಬುದ್ಧಿಮಾತು, ತವರಿಗೆ ಕಳಿಸುವ ಉಪಾಯ ಎಲ್ಲವೂ ಸಿಗುತ್ತಿತ್ತು.

ಹಾಗೆ ಬೆಳೆದ ನನಗೆ ಸ್ವೀಡನ್ನಿನ ಮೊದಲ ಚಳಿಗಾಲ ಮೂಗಿಯ ಚಳಿಗಾಲವಾಯಿತು. ಪಕ್ಕದ ಮನೆಯಾಕೆ ನನ್ನ ಹೆಜ್ಜೆ ಸದ್ದಾದರೆ, ಎದುರಾಗುವುದೇ ಬೇಡವೆಂದು ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು. ಆದರೆ ಭಾಷಾ ತರಗತಿಯಲ್ಲಿ ಟೀಚರಮ್ಮ “ನಿಮಗೇನನ್ನಿಸುತ್ತದೆ?” ಎಂದು ಕೇಳಿ, ನಾನು ಬಾಯಿ ತೆರೆಯುವವರೆಗೂ ಕಾಯುತ್ತಿದ್ದಳು. ಅತ್ತೆಯವರಿಗೆ ಏನನ್ನಿಸುತ್ತದೆ, ನಮ್ಮವರಿಗೆ ಏನನ್ನಿಸುತ್ತದೆ ಎಂದರೆ ಥಟ್ಟನೆ ಹೇಳುತ್ತಿದ್ದೆ. ನನಗೆ ಏನನ್ನಿಸುತ್ತದೆ ಎಂದು ಹೇಳಲು ಒಂದು ವರ್ಷ ಹಿಡಿಯಿತು. ಸೇಬು ಹಾಕಿದ ಇಲ್ಲಿನ ಎಲೆಕೋಸಿನ ಪಲ್ಯ ನನಗೆ ಇಷ್ಟವಿಲ್ಲ ಎಂಬುದೇ ನನ್ನ ಮೊದಲ ದಿಟ್ಟ ಸ್ವೀಡಿಷ್ ವಾಕ್ಯ. ತರಗತಿ ನಕ್ಕಿತು. ಆ ದಿನ ಮನೆಗೆ ಹಾಡು ಗುನುಗುತ್ತಾ ಬಂದೆ.

ನಿಧಿಗೆ ಇದೆಲ್ಲ ಹುಟ್ಟಿನಿಂದಲೇ ಬಂದಂತಿತ್ತು. ಕಾಲೇಜು ಮಟ್ಟಕ್ಕೆ ಬರುವಷ್ಟರಲ್ಲಿ ಅವಳು ಮತ್ತು ಐದಾರು ಗೆಳತಿಯರು ಸೇರಿ ಒಂದು ಗುಂಪು ಕಟ್ಟಿದರು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಸೇರುವರು. ಫೀಕಾ, ಅಂದರೆ ಕಾಫಿ ಮತ್ತು ಸಿಹಿ ಬನ್ನು, ಒದಗಿಸುವ ಕೆಲಸ ನನ್ನದು. ದುಂಡಗೆ ಕೂತು ಒಬ್ಬೊಬ್ಬರಾಗಿ ಮಾತಾಡಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ಆಡಕೂಡದು. ಗಂಡನ ವೀಸಾದ ಬಾಲ ಹಿಡಿದು ಬರುವ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿನ ಹಕ್ಕು ಗೊತ್ತಿಲ್ಲ, ಮಗು ಯಾವಾಗ, ಬೇಕೋ ಬೇಡವೋ ಎಂಬ ನಿರ್ಧಾರಕ್ಕೆ ಇಲ್ಲಿ ಗಂಡನ ಸಹಿ ಬೇಡ ಎಂಬುದು ಗೊತ್ತಿಲ್ಲ, ಅದನ್ನು ಅವರಿಗೆ ತಲುಪಿಸಬೇಕು ಎಂಬುದು ಆ ಹುಡುಗಿಯರ ಹಟ.

ಸೌಮ್ಯ ಆ ಗುಂಪಿಗೆ ಬಂದದ್ದು ಹೀಗೆಯೇ. ದಾವಣಗೆರೆಯ ಹುಡುಗಿ, ಹಲ್ಲಿನ ಡಾಕ್ಟರು. ಗಂಡ ನಮ್ಮವರ ಕಾರ್ಖಾನೆಯವನೇ. ಇಲ್ಲಿ ಹಲ್ಲು ಮುಟ್ಟಬೇಕಾದರೆ ಮೊದಲು ಭಾಷೆ ಕಲಿಯಬೇಕು, ಆಮೇಲೆ ಪರೀಕ್ಷೆ ಬರೆಯಬೇಕು. ಅಲ್ಲಿಯವರೆಗೆ ಮಗು ಬೇಡ ಎಂದು ಅವಳು ತೀರ್ಮಾನಿಸಿದ್ದಳು. ಗಂಡನೂ ಒಪ್ಪಿದ್ದ. ಊರಿಗೆ ಮಾತ್ರ “ಇನ್ನೂ ಆಗಿಲ್ಲ” ಎಂದೇ ಸುದ್ದಿ. ಅತ್ತೆಮನೆಯೂ ದಾವಣಗೆರೆಯೇ; ಅಲ್ಲಿ ಅತ್ತೆ ಸೊಸೆಯ ಹೆಸರಿನಲ್ಲಿ ಶುಕ್ರವಾರದ ಒಪ್ಪತ್ತು ಹಿಡಿದಿದ್ದರು. ಇಲ್ಲಿ ನಮ್ಮ ಕನ್ನಡ ಸಂಘದ ಊಟಗಳಲ್ಲಿ ಹಿರಿಯ ಹೆಂಗಸರು ಪಾಯಸ ಬಡಿಸುತ್ತಲೇ ಅವಳ ಹೊಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಬಾರ್ನ್‌ಮೋರ್ಸ್ಕಳ ಹತ್ತಿರ ಒಬ್ಬಳೇ ಹೋಗಬಹುದೆಂದು ಅವಳಿಗೆ ತಿಳಿಸಿದವಳು ನಿಧಿ. ಜೊತೆಗೆ ಹೋಗಿ ಹೊರಗೆ ಕೂತವಳು ನಾನು.

ಹದಿನಾರನೇ ಇಸವಿಯ ಸುಮಾರಿಗೆ, ಸಂಘದ ಮಹಿಳಾ ದಿನಾಚರಣೆಯಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಈ ಹುಡುಗಿಯರಿಗೆ ಸಿಕ್ಕಿತು. ಸೌಮ್ಯ ತನ್ನ ವಿಷಯ ತಾನೇ ಹೇಳಲಿ ಎಂದು ನಿಧಿ. ಹೆಸರೇಕೆ, ಒಬ್ಬಳಿದ್ದಳು ಎಂದು ನೀನೇ ಕತೆಯ ಹಾಗೆ ಹೇಳು, ತಿಳಿಯುವವರಿಗೆ ತಿಳಿಯುತ್ತದೆ ಎಂದು ನಾನು.

“ಅದು ಗಾಸಿಪ್ ಅಮ್ಮ” ಎಂದಳು. “ಅವಳ ಲೈಫು. ನಾನ್ಯಾಕೆ ಕದೀಲಿ?”

ಅಜ್ಜಿಯ ಅಂಗಳವನ್ನು ಯಾರೂ ಹಾಗೆ ಕರೆದಿರಲಿಲ್ಲ. ಸೌಮ್ಯಳನ್ನೇ ಕೇಳಿದೆ. ಅವಳು ನಕ್ಕಳು. “ಹೇಳ್ತೀನಿ ಅಕ್ಕಾ. ನನ್ನ ಬಗ್ಗೆ ಎಲ್ರೂ ಮಾತಾಡ್ತಾರೆ, ನಾನೊಬ್ಳೇ ಆಡಿಲ್ಲ.”

ಸಂಘದಲ್ಲಿ ಎಲ್ಲರೂ ಊರಿನ ಮಾತು ತೊಳೆದು ಬೆಂಗಳೂರಿನ ಕನ್ನಡ ಆಡುತ್ತೇವೆ. ಸೌಮ್ಯಳೂ ಹಾಗೆಯೇ ಶುರುಮಾಡಿದಳು. ನಡುವೆ ಅದು ಕಳಚಿ ಬಿತ್ತು. “ಮಗು ಆಗ್ತಿಲ್ಲ ಅಂತಲ್ರೀ. ನಾನೇ ಬ್ಯಾಡ ಅಂದೀನಿ. ಸದ್ಯಕ್ಕೆ ಬ್ಯಾಡ.” ಸಭಾಂಗಣ ಚಪ್ಪಾಳೆ ತಟ್ಟಿತು. ಅವಳ ಗಂಡನೂ ತಟ್ಟಿದ, ನಾನೂ ಜೋರಾಗಿ ತಟ್ಟಿದೆ.

ಯಾರೋ ಅದನ್ನು ಫೋನಿನಲ್ಲಿ ಹಿಡಿದು, ಬಾರದವರೂ ನೋಡಲಿ ಎಂದು ಸಂಘದ ವಾಟ್ಸಾಪಿಗೆ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ. ನಾವು ಅಡುಗೆಯ ಪಾತ್ರೆ ತೊಳೆದಿಡುವಷ್ಟರಲ್ಲಿ ಅದು ದಾವಣಗೆರೆ ಮುಟ್ಟಿತ್ತು.

ಅತ್ತೆ ಕೂಗಾಡಲಿಲ್ಲ. ಶುಕ್ರವಾರದ ಒಪ್ಪತ್ತು ಬಿಟ್ಟರು, ಮಗನ ಜೊತೆ ಮಾತು ಬಿಟ್ಟರು, ಅಷ್ಟೇ. ಕೂಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಬೇಸಿಗೆಯಲ್ಲಿ ಮೈದುನನ ಮದುವೆಗೆಂದು ಇಬ್ಬರೂ ಹೋದರು. ಅವನೊಬ್ಬನೇ ಹಿಂದಿರುಗಿದ. “ಸ್ವಲ್ಪ ದಿನ ನಮ್ಮಮ್ಮನ ಜೊತೆ ಇರ್ಲಿ ಅಂತ” ಎನ್ನುವಾಗ ಅವನು ನನ್ನ ಮುಖ ನೋಡಲಿಲ್ಲ. ಅವಳ ತರಗತಿಯ ಜಾಗ ಬೇರೆಯವರಿಗೆ ಹೋಯಿತು. ಅವಳು ಇಲ್ಲಿರುವ ಪರವಾನಗಿ ಅವನ ಕೆಲಸಕ್ಕೆ ಗಂಟು ಹಾಕಿದ್ದು. ಮರುವರ್ಷ ಅವನೇ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡ ಮೇಲೆ ಆ ಗಂಟೂ ಉಳಿಯಲಿಲ್ಲ.

ನಿಧಿ ಕೆಲವು ವಾರ ನೆಲಮಾಳಿಗೆಗೆ ಇಳಿಯಲಿಲ್ಲ. ನಾನು ಏನು ಕೇಳಿದರೂ ಸ್ವೀಡಿಷಿನಲ್ಲಿ ಒಂದೊಂದು ಪದದ ಉತ್ತರ. ಒಂದು ದಿನ ಮಾತ್ರ ಕನ್ನಡದಲ್ಲಿ, ಹುಡುಕಿ ಹುಡುಕಿ ಹೇಳಿದಳು: “ನಾನು ಏನು ಹೇಳಿದ್ರೂ ನನ್ನನ್ನ ಯಾರೂ ಎಲ್ಲಿಗೂ ಕಳಿಸೋಕಾಗಲ್ಲ. ಅವಳಿಗೆ ಹಾಗಿರ್ಲಿಲ್ಲ. ಅದು ನಂಗೆ ಹೊಳೀಲೇ ಇಲ್ಲ ಅಮ್ಮ.” ಗುಂಪು ಮತ್ತೆ ಸೇರಿತು. ಈಗ ಯಾರಾದರೂ ಮಾತಾಡುತ್ತೇನೆಂದು ಮುಂದೆ ಬಂದರೆ, ನಾಳೆ ನಿಮ್ಮ ಮನೆಯಲ್ಲಿ ಏನಾದೀತು ಎಂದು ಮೊದಲು ಕೇಳುತ್ತಾರಂತೆ.

ಅಜ್ಜಿಯ ದಾರಿಯೇ ಸರಿಯಿತ್ತು ಎಂದು ನಾನು ಹೇಳಬಹುದಿತ್ತು. ಹೇಳಲಾರೆ. ಆ ಅಂಗಳದಲ್ಲಿ ವರ್ಷಗಟ್ಟಲೆ ‘ಯಾರೋ ಒಬ್ಬಳಾಗಿ’ ಕೂತಿದ್ದವಳು ನನ್ನ ಚಿಕ್ಕಮ್ಮ. ಕಷಾಯ ಸಿಕ್ಕಿತು, ಮರುಕ ಸಿಕ್ಕಿತು. ಹೆರಿಗೆಯ ಮೇಲೆ ಹೆರಿಗೆಯಾಗಿ ಅವಳು ತೀರಿಕೊಂಡಾಗಲೂ ಹೆಂಗಸರು ತಲೆ ಬಗ್ಗಿಸಿ ಕಡಲೆಕಾಯಿ ಬಿಡಿಸಿದರು.

ಕಳೆದ ರಜೆಯಲ್ಲಿ ಚಳ್ಳಕೆರೆಗೆ ಹೋದವಳು ದಾವಣಗೆರೆಯ ಬಸ್ಸು ಹತ್ತಿದೆ. ಸೌಮ್ಯಳ ಅತ್ತೆ ನನ್ನನ್ನು ಪ್ರೀತಿಯಿಂದಲೇ ಕೂರಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ವರ್ಷದ ಹೆಣ್ಣುಮಗು ಸೌಮ್ಯಳ ಸೊಂಟದ ಮೇಲಿತ್ತು. ಗಂಡ ವಾರದ ಕೊನೆಗೆ ಬೆಂಗಳೂರಿನಿಂದ ಬಂದು ಹೋಗುತ್ತಾನಂತೆ. ಸಂಜೆ ಹೊತ್ತು ಅವಳು ಯಾರದೋ ಕ್ಲಿನಿಕ್ಕಿಗೆ ಹೋಗುತ್ತಾಳಂತೆ. ಅತ್ತೆ ಕಾಫಿಗೆಂದು ಒಳಗೆ ಹೋದಾಗ, ನಿಧಿಯ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ.

“ಇಲ್ಲಕ್ಕ. ನಿಂಗೇನು ಬೇಕು ಅಂತ ಕೇಳಿದ್ದು ಅವಳೊಬ್ಳೇ.” ಮಗುವಿನ ಕೂದಲು ಸವರಿದಳು. “ಇವಳನ್ನ ಕಂಡ್ರೆ ನಂಗೆ ಜೀವ. ಆದ್ರೆ ಯಾವಾಗ ಅಂತ ನಾನು ಹೇಳ್ಲಿಲ್ಲ.”

ಅತ್ತೆ ಕಾಫಿ ತಂದರು. ನಿಧಿಗೆ ಗಂಡು ನೋಡುತ್ತಿದ್ದೀರಾ ಎಂದು ವಿಚಾರಿಸಿದರು. ಓದು ಮುಗೀಲಿ, ನೋಡೋಣ ಎಂದು ನನ್ನ ನಾಲಿಗೆ ತಾನಾಗಿಯೇ ನುಡಿಯಿತು. ಸೌಮ್ಯ ತಲೆ ಎತ್ತದೆ ಮಗುವಿನ ಬಾಯಿ ಒರೆಸುತ್ತಲೇ ಹೇಳಿದಳು:

“ಅದನ್ನ ನಿಧೀನ ಕೇಳ್ಬೇಕು ಅತ್ತೆ.”

ಅತ್ತೆ ಸಿಟ್ಟಾಗಲಿಲ್ಲ. ಲೋಟ ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿದರು. “ಹೌದೇನ್ರಿ? ಅಲ್ಲಿ ಹುಡುಗೀನೇ ಕೇಳ್ತಾರಾ?”

“ಹೂಂ. ನಾವು ಅಲ್ಲಿ ಹಾಗೇ ಕೇಳ್ತೀವಿ” ಎಂದೆ.

ಎಷ್ಟು ಸಲೀಸಾಗಿ ಅಂದುಬಿಟ್ಟೆ. ಚಳ್ಳಕೆರೆಯಿಂದ ಒಂದು ಬಸ್ಸಿನ ದೂರದಲ್ಲಿ ಕೂತಿದ್ದರೂ, ನನ್ನ ಬಾಯಿಗೆ ಬಂದ ‘ನಾವು’ ದೂರದ ಸ್ವೀಡನ್ನಿನದಾಗಿತ್ತು. ಅಲ್ಲಿ ಎದ್ದು ನಿಂತು ಹಾಗೆ ಮಾತಾಡಿದ್ದವಳೋ, ನನ್ನೆದುರು ಇಲ್ಲಿ ಕೂತಿದ್ದಳು. ಸೌಮ್ಯ ನನ್ನನ್ನೊಮ್ಮೆ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.