ಒಗೆಯುವ ಕಲ್ಲಿನಡಿಯ ಬೀಗದ ಕೈ

ನನ್ನ ಮನೆಯ ಇನ್ನೊಂದು ಬೀಗದ ಕೈ ಎಲ್ಲಿದೆ ಎಂದು ಅಣ್ಣನೊಬ್ಬನಿಗೆ ಮಾತ್ರ ಹೇಳಿದ್ದೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಗುಬ್ಬಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿಲ್ಲ. ತುಮಕೂರಿನ ರಿಂಗ್ ರೋಡಿನ ಆಚೆ ಒಂದು ಮನೆ ಕಟ್ಟಿಸಿಕೊಂಡು ಒಬ್ಬಳೇ ಇದ್ದೇನೆ. ಅಣ್ಣ, ಅತ್ತಿಗೆ ಮತ್ತು ಅವರ ಒಬ್ಬಳೇ ಮಗಳು ಇರುವುದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ, ಅಪ್ಪನ ಕಾಲದ ತೋಟದಲ್ಲಿ.

ಮನೆಗೆ ಬಂದ ಹೊಸದರಲ್ಲಿ ಒಂದು ಸಂಜೆ ಗುಬ್ಬಿ ಬಸ್ಸಿನಲ್ಲಿ ಬೀಗದ ಕೈ ಕಳೆದುಕೊಂಡೆ. ಬೀಗ ರಿಪೇರಿಯವನು ಬರುವವರೆಗೆ ನನ್ನ ಮನೆಯ ಮೆಟ್ಟಿಲ ಮೇಲೆ ನಾನೇ ಭಿಕ್ಷುಕಿಯ ಹಾಗೆ ಕೂತಿದ್ದೆ. ಮಾರನೇ ದಿನವೇ ಇನ್ನೊಂದು ಬೀಗದ ಕೈ ಮಾಡಿಸಿದೆ. ಹೂಕುಂಡದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಮೀಟರ್ ಬಾಕ್ಸಿನ ಮೇಲೆ ಇಟ್ಟರೆ ಕಳ್ಳನನ್ನು ಕರೆದು ಕೈಗೆ ಕೊಟ್ಟ ಹಾಗೆ. ಯೋಚಿಸಿ ಯೋಚಿಸಿ, ಖಾಲಿಯಾದ ಮಾತ್ರೆ ಡಬ್ಬಿಯೊಂದರಲ್ಲಿ ಹಾಕಿ, ಪ್ಲಾಸ್ಟಿಕ್ ಸುತ್ತಿ, ಹಿತ್ತಲಿನ ಒಗೆಯುವ ಕಲ್ಲಿನ ಅಡಿಯ ಸಂದಿಗೆ ತುರುಕಿದೆ. ಮುಂದೆ ಒಂದು ಇಟ್ಟಿಗೆ ಚೂರು ಒತ್ತಿಟ್ಟೆ. ಬಗ್ಗಿ ಕೈ ಹಾಕಿದರೂ ಗೊತ್ತಾಗದ ಜಾಗ.

ಒಂಟಿ ಹೆಂಗಸು, ನಾಳೆ ಒಳಗೆ ಬಿದ್ದು ಕಾಲು ಮುರಿದುಕೊಂಡರೆ ಯಾರಾದರೂ ಬಾಗಿಲು ತೆಗೆಯಬೇಕಲ್ಲ? ಅದಕ್ಕೇ ಅಣ್ಣನಿಗೆ ಹೇಳಿದೆ. 'ಏನಾದ್ರೂ ಆದ್ರೆ ಮಾತ್ರ ಕಣಣ್ಣ' ಅಂತಲೂ ಸೇರಿಸಿದ್ದೆ.

ಮೊದಮೊದಲು ಕುರುಹುಗಳು ಚಿಕ್ಕವು. ಸಕ್ಕರೆ ಡಬ್ಬದ ಮುಚ್ಚಳ ಸಡಿಲ. ಬಚ್ಚಲಲ್ಲಿ ಒದ್ದೆ ಟವೆಲ್. ಕೇಳಿದರೆ ಅಣ್ಣ ನಗುತ್ತಿದ್ದ. 'ಆಸ್ಪತ್ರೆ ಕೆಲ್ಸಕ್ಕೆ ಬಂದಿದ್ವಿ ಕಣೇ, ಬಿಸ್ಲಲ್ಲಿ ಎಲ್ಲಿಗೋಗನ? ಒಬ್ಳಿಗೆ ಮೂರು ರೂಮು ಯಾಕೆ ನಿಂಗೆ?' ಆ ಮಾತನ್ನು ಆಗಲೇ ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ. ಒಡಹುಟ್ಟಿದವನು ಎಂದು ನುಂಗಿಕೊಂಡೆ.

ಆಮೇಲೆ ಒಂದು ಶುಕ್ರವಾರ ಅತ್ತಿಗೆ ಫೋನ್ ಮಾಡಿದರು. 'ನಾಳೆ ಎಷ್ಟೊತ್ತಿಗೆ ಬರ್ತೀಯಮ್ಮ ಮನೇಗೆ?' ಎಂದರು. ಗುಬ್ಬಿಯಲ್ಲಿ ಇಡೀ ದಿನ ತರಬೇತಿ ಇದೆ, ಬರುವುದು ಸಂಜೆ ಆರಾಗುತ್ತೆ ಎಂದೆ. 'ಸುಸ್ತಾಗತ್ತಲ್ಲಮ್ಮ, ಹುಷಾರು' ಎಂದರು. ಪಾಪ, ಎಷ್ಟು ಕಾಳಜಿ ಅಂದುಕೊಂಡೆ!

ಶನಿವಾರ ಕರೆಂಟ್ ಹೋಗಿ ಪ್ರೊಜೆಕ್ಟರ್ ನಿಂತುಹೋಯಿತು. ಊಟ ಹಾಕಿ ಕಳಿಸಿಬಿಟ್ಟರು. ಎರಡೂವರೆಗೆಲ್ಲ ನಮ್ಮ ಬೀದಿಗೆ ಬಂದರೆ ಮನೆ ಮುಂದೆ ಎರಡು ಕಾರು. ಬಾಗಿಲಲ್ಲಿ ರಾಶಿ ಚಪ್ಪಲಿ. ಯಾರೋ ಸತ್ತಿದ್ದಾರೆ ಅಂತಲೇ ಅಂದುಕೊಂಡೆ. ಹತ್ತಿರ ಹೋದಾಗ ಗೇಟಿನ ಪಕ್ಕದ ನನ್ನ ಹೆಸರಿನ ಬೋರ್ಡ್ ಕಾಣಲಿಲ್ಲ. ಅದು ಮುಚ್ಚುವ ಹಾಗೆ ಮಾವಿನ ಸೊಪ್ಪಿನ ದೊಡ್ಡ ಗೊಂಚಲು ಕಟ್ಟಿದ್ದರು.

ಒಳಗೆ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಹೆಬ್ಬೂರಿನಿಂದ ಬಂದ ಗಂಡಿನ ಕಡೆಯವರು ನನ್ನ ಸೋಫಾದಲ್ಲಿ ಕೂತು ನನ್ನ ತಟ್ಟೆಗಳಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಅಣ್ಣನ ಮಗಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಉಟ್ಟಿದ್ದು ನನ್ನ ಬೀರುವಿನ ರೇಷ್ಮೆ ಸೀರೆ.

ಗಂಡಿನ ತಾಯಿ ನನ್ನನ್ನು ನೋಡಿ, 'ಇವ್ರು ಯಾರು?' ಎಂದು ಕೇಳಿದರು.

ಅಣ್ಣನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಅಷ್ಟೇ, ಮರುಕ್ಷಣವೇ ಸುಧಾರಿಸಿಕೊಂಡ. 'ನಮ್ ತಂಗಿ. ಟೀಚರ್ ಗುಬ್ಬೀಲಿ. ಮದ್ವೆ ಆಗ್ಲಿಲ್ಲ, ನಮ್ ಜೊತೇಲೇ ಇಟ್ಕೊಂಡಿದೀವಿ.'

'ಒಳ್ಳೇದಾಯ್ತು ಬುಡಿ,' ಎಂದರು ಆಕೆ. 'ಈ ಕಾಲ್ದಲ್ಲಿ ಹಿಂಗೆ ತಂಗೀನ ಸಾಕೋ ಅಣ್ಣಂದ್ರು ಎಲ್ಲವ್ರೆ?'

ಸಾಕೋ! ಈ ಮನೆಯ ಪಾಯಕ್ಕೆ ನಾನೇ ನಿಂತು ನೀರು ಹೊಡೆದಿದ್ದೇನೆ. ಗೃಹಪ್ರವೇಶಕ್ಕೆ ಅಣ್ಣ ಊಟದ ಹೊತ್ತಿಗೆ ಬಂದು ಊಟ ಮುಗಿಸಿ ಹೋದವನು. ಬ್ಯಾಗು ಹೆಗಲಲ್ಲೇ ಇತ್ತು. ಅತ್ತಿಗೆ ಅಡುಗೆಮನೆ ಬಾಗಿಲಿನಿಂದ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ.

'ಈ ಮನೆ ನಂದು,' ಎಂದೆ. 'ನಾನೇ ಕಟ್ಟಿಸಿದ್ದು. ಇವ್ರು ನನ್ನ ಕೇಳ್ದೆ ಬೀಗ ತೆಗ್ದು ಒಳಗೆ ಬಂದವ್ರೆ. ನಮ್ಮಣ್ಣನ ಮನೆ ಕೊತ್ತಗೆರೆ ಕಡೆ. ಅಲ್ಲಿ ತೋಟ ಇದೆ, ಮನೆ ಇದೆ, ಮರ್ಯಾದೆಯಾಗೇ ಇದೆ. ಅಲ್ಲೇ ಹೋಗಿ ನೋಡಿ.'

ಉಪ್ಪಿಟ್ಟಿನ ಚಮಚಗಳು ನಿಂತವು. ಗಂಡಿನ ತಂದೆ ಎದ್ದು ನಿಂತು, 'ಬರ್ತೀವಿ' ಎಂದಷ್ಟೇ ಹೇಳಿ ಹೊರಟರು. ಎರಡನೇ ಕಾರು ತಿರುವು ದಾಟುವವರೆಗೂ ಅಣ್ಣ ಗೇಟಿನಲ್ಲಿ ಕೈ ಮುಗಿದು ನಿಂತಿದ್ದ. ಒಳಗೆ ಬಂದವನೇ ಕೂಗಾಡಿದ. 'ಎರಡು ಗಂಟೆ ಸುಮ್ನಿದ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು? ನನ್ ಮಗಳ ಬಾಳಿಗೆ ಕಲ್ಲಾಕ್ದೆ ನೀನು.'

'ನನ್ ಬಾಳಿಗೆ ಸೊಪ್ಪು ಕಟ್ಟಿ ಮುಚ್ಚಿದ್ಯಲ್ಲ ನೀನು,' ಎಂದೆ. ಇನ್ನೂ ಏನೇನೋ ಅಂದೆ. ಅಂದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಒಂದಕ್ಕೆ ಮಾತ್ರ ಇದೆ. ವಾರದ ನಂತರ ಅಣ್ಣನ ಮಗಳು ಸೀರೆ ಇಸ್ತ್ರಿ ಮಾಡಿಸಿಕೊಂಡು ತಂದುಕೊಟ್ಟಳು. ಒಳಗೆ ಬಾ ಎಂದರೂ ಬರಲಿಲ್ಲ.

'ಅಪ್ಪ ಮಾಡಿದ್ದು ತಪ್ಪು ಅತ್ತೆ. ನಾನೂ ಬೇಡ ಅಂದಿದ್ದೆ, ಕೇಳ್ಲಿಲ್ಲ. ಆದ್ರೆ ನೀವು ಹೇಳ್ವಾಗ ಅಲ್ಲಿ ಚಾಪೆ ಮೇಲೆ ಕೂತಿದ್ದೋಳು ನಾನು. ಎಲ್ರೂ ನೋಡಿದ್ದು ನನ್ನ.'

ಆ ದಿನ ಮೊದಲು ಅವಳನ್ನು ರೂಮಿಗೆ ಕರೆದು, ಒಂದು ಮಾತು ಕೇಳಿ, ಆಮೇಲೆ ಹೇಳಬಹುದಿತ್ತು. ಆ ಹೊತ್ತಿನಲ್ಲಿ ನನಗೆ ಕಂಡದ್ದು ನನ್ನ ಸೀರೆ, ಅದನ್ನು ಉಟ್ಟಿದ್ದ ಹುಡುಗಿಯಲ್ಲ. 'ತಪ್ಪಾಯ್ತು ಕಣೇ' ಎಂದೆ. ತಲೆಯಾಡಿಸಿ ಹೋದಳು. ಈಗ ಕುಣಿಗಲ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ನನಗೆ ಆಗಾಗ ಫೋನ್ ಮಾಡುತ್ತಾಳೆ. ಹೆಬ್ಬೂರಿನವರು ಆಮೇಲೆ ಏನೂ ಹೇಳಿ ಕಳಿಸಲಿಲ್ಲ.

ಬೀಗವನ್ನೇ ಬದಲಾಯಿಸಿದೆ. ಹೊಸ ಬೀಗದ ಕೈಯನ್ನೂ ಹೊರಗೇ ಬಚ್ಚಿಟ್ಟಿದ್ದೇನೆ. ಜಾಗ ಯಾರಿಗೂ ಹೇಳಿಲ್ಲ.

ಹೋದ ತಿಂಗಳು, ಇಷ್ಟು ದಿನ ಮಾತು ಬಿಟ್ಟಿದ್ದ ಅಣ್ಣ ಫೋನ್ ಮಾಡಿದ. ಮಳೆ, ಬೆಳೆ ಎಲ್ಲ ಆದ ಮೇಲೆ ಮೆತ್ತಗೆ ಕೇಳಿದ. 'ಬೀಗದ ಕೈ ಎಲ್ಲಿಟ್ಟಿದೀಯ ಈಗ? ಒಬ್ಳೇ ಇರ್ತೀಯ, ಏನಾದ್ರೂ ಆದ್ರೆ?'

'ಆದ್ರೆ ಬಾಗ್ಲು ಒಡೀರಿ,' ಎಂದು ಫೋನಿಟ್ಟೆ.